ಉತ್ತರ ಸಿಗದ ಇಪ್ಪತ್ತೆಂಟನೇ ಪ್ರಶ್ನೆ

ಲತಾಮಣಿ ಮನೆಮನೆಗೆ ಹೋಗಿ ಸರ್ವೆ ಮಾಡುವ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಸೋಪು, ಸೊಳ್ಳೆಬತ್ತಿ, ಗ್ಯಾಸ್ ಸ್ಟವ್, ಮುಂದಿನ ಚುನಾವಣೆ, ಹೀಗೆ ಅವಳು ಕೇಳದ ಪ್ರಶ್ನೆ ಇರಲಿಲ್ಲ, ಅವಳ ಮುಖದ ಮೇಲೆ ಮುಚ್ಚದ ಬಾಗಿಲೂ ಇರಲಿಲ್ಲ. ಜಯನಗರದವರು ನಯವಾಗಿ ಮುಚ್ಚುತ್ತಾರೆ. ಬಿ.ಟಿ.ಎಂ.ನವರು ತೆಗೆಯುವುದೇ ಇಲ್ಲ. ಬನಶಂಕರಿಯವರು ಕೂರಿಸಿ, ಕಾಫಿ ಕೊಟ್ಟು, ಮಗಳ ಮದುವೆ ಆಲ್ಬಂ ತೋರಿಸಿ, ಆಮೇಲೆ ಉತ್ತರ ಮಾತ್ರ ಕೊಡುವುದಿಲ್ಲ. ಇಷ್ಟು ಗೊತ್ತಿದ್ದವರು ಈ ಕಸುಬಿನಲ್ಲಿ ಬದುಕಿಕೊಳ್ಳುತ್ತಾರೆ.

ಈ ಸಲದ ಸರ್ವೆ ಮಾತ್ರ ವಿಚಿತ್ರದ್ದು. ಕೃತಕ ಬುದ್ಧಿಮತ್ತೆಗೆ, ಅಂದರೆ ಎಲ್ಲರ ಬಾಯಲ್ಲೂ ಇರುವ ಎಐಗೆ, ಸರ್ಕಾರ ಲಗಾಮು ಹಾಕಬೇಕೋ ಬೇಡವೋ ಎಂದು ಜನರನ್ನು ಕೇಳಬೇಕು. ಅಷ್ಟೇ ಆಗಿದ್ದರೆ ಎರಡು ನಿಮಿಷದ ಕೆಲಸ. ಆದರೆ ಫಾರಮ್ಮಿನಲ್ಲಿ ಮೊದಲು ನಿಮ್ಮ ಹುಟ್ಟೂರು, ಓದು, ಕಸುಬು, ಜಾತಿ, ಧರ್ಮ. ಆಮೇಲೆ ನಿಮ್ಮ ಸ್ವಭಾವ: ಬೇಗ ಗಾಬರಿಯಾಗುತ್ತೀರಾ? ಜನರನ್ನು ನಂಬುತ್ತೀರಾ? ಹೊಸದೇನಾದರೂ ಕಂಡರೆ ಕೈ ಹಾಕುತ್ತೀರಾ? ಅದೆಲ್ಲ ಮುಗಿದ ಮೇಲೆ ಎಐ. ಒಟ್ಟು ಇಪ್ಪತ್ತೆಂಟು ಪ್ರಶ್ನೆ.

"ಹೆದರೋರು ಲಗಾಮು ಬೇಕು ಅಂತಾರೆ, ಧೈರ್ಯ ಇರೋರು ಬಿಟ್ಬಿಡಿ ಅಂತಾರೆ. ಓದಿರೋರು ಒಂಥರಾ, ಓದದೇ ಇರೋರು ಒಂಥರಾ. ಯಾರು ಏನಂತಾರೆ ಅನ್ನೋದು ಅವ್ರು ಎಲ್ಲಿಂದ ಬಂದ್ರು, ಎಂಥಾ ಮನುಷ್ಯರು ಅನ್ನೋದ್ರಲ್ಲೇ ಇರುತ್ತೆ ಮೇಡಂ," ಎಂದು ಟ್ರೇನಿಂಗಿನಲ್ಲಿ ಸೂಪರ್‌ವೈಸರ್ ಪ್ರಮೋದ್ ಹೇಳಿಕೊಟ್ಟಿದ್ದ. ಇಪ್ಪತ್ತೊಂಬತ್ತು ವರ್ಷದ ಹುಡುಗ, ಮನುಷ್ಯರನ್ನು ಅರೆದು ಕುಡಿದವನ ಹಾಗೆ ಮಾತಾಡುತ್ತಿದ್ದ.

ಮನೆಗಳಲ್ಲಿ ಅದು ಅಷ್ಟು ಸಲೀಸಾಗಿ ನಡೆಯಲಿಲ್ಲ. ಜೆ.ಪಿ. ನಗರದಲ್ಲಿ ಜವಳಿ ಅಂಗಡಿಯ ಜಯದೇವಪ್ಪನವರು ಹಣೆಯ ವಿಭೂತಿ ಅಲುಗದ ಹಾಗೆ ಗಂಭೀರವಾಗಿ, "ನಿಯಂತ್ರಣ ಬೇಕೇ ಬೇಕಮ್ಮ, ಎಲ್ಲಾದಕ್ಕೂ ಬೇಕು," ಎಂದರು. "ನಿಮ್ಮ ಅಂಗಡೀಲಿ ಬಳಸ್ತೀರಾ ಸಾರ್?" ಎಂದಾಗ, "ಸ್ಟಾಕು ಎಲ್ಲಾ ಅದೇ ನೋಡ್ಕೊಳ್ಳೋದು. ಅದಕ್ಕೆ ಬೇಡ," ಎಂದರು. ಬಿ.ಟಿ.ಎಂ.ನ ಪಿ.ಜಿ.ಯೊಂದರಲ್ಲಿ ಕೈಲಾಸ್ ಎಂಬ ಹುಡುಗ, "ಸಖತ್ತಾಗಿದೆ ಅಕ್ಕ ಅದು, ಯಾಕೆ ಸುಮ್ನೆ ಕಂಟ್ರೋಲು?" ಎಂದು ನಕ್ಕ. ಗಾಬರಿಯಾಗುತ್ತೀರಾ ಎಂದರೆ ಇಲ್ಲವೇ ಇಲ್ಲ ಅಂದ. ಅವಳು ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದು, "ಕೆಲಸ ಹೋಗುತ್ತೆ ಅಂತ ನಿದ್ದೆ ಬರ್ತಿಲ್ಲ ಅಕ್ಕ. ಅದನ್ನ ಬರ್ಕೋಬೇಡಿ," ಅಂದ. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟವರೇ ಎಲ್ಲ. ಲತಾಮಣಿ ಬಾಯಿಗೆ ಬಂದದ್ದನ್ನು ಬರೆದುಕೊಂಡಳು, ಹೊಟ್ಟೆಯಲ್ಲಿದ್ದದ್ದನ್ನು ಬಿಟ್ಟಳು.

ಪ್ರತಿ ಏರಿಯಾದಿಂದ ಇಂಥವರು ಇಷ್ಟು ಜನ ಎಂಬ ಲೆಕ್ಕದಲ್ಲಿ ಕೊನೆಗೆ ಒಂದೇ ಒಂದು ಫಾರಂ ಉಳಿಯಿತು. ಅರವತ್ತು ದಾಟಿದ, ಶಾಲೆಗೆ ಹೋಗದ, ಹಳೇ ಊರಿನಲ್ಲೇ ಹುಟ್ಟಿ ಬೆಳೆದ ಹೆಂಗಸು ಒಬ್ಬಳು ಬೇಕಿತ್ತು, ಸಾರಕ್ಕಿ ಕಡೆಯವಳು. ಮುಖ್ಯರಸ್ತೆಯ ಮೂರು ಮನೆಯಲ್ಲಿ ಅಂಥ ಅಜ್ಜಿಯರಿದ್ದರು. ಮೂರು ಕಡೆಯೂ ಸೊಸೆಯೋ ಮೊಮ್ಮಗನೋ ಅಡ್ಡ ಬಂದರು. "ನಮ್ಮಜ್ಜೀನ ಏನ್ ಕೇಳ್ತೀರಾ ಮೇಡಂ, ಅವ್ರಿಗೇನು ಗೊತ್ತಾಗುತ್ತೆ?"

ಮೂರನೇ ಸಲ ಆ ಮಾತು ಕೇಳಿದಾಗ ಲತಾಮಣಿ ಟ್ಯಾಬ್ ಮುಚ್ಚಿ ಗೇಟಿನಿಂದ ಹೊರಗೆ ಬಂದಳು.

ಊರೊಳಗಿನ ಗಲ್ಲಿಗಳಿಗೆ ಹೋಗಿದ್ದರೆ ಅಂಥವರು ಮನೆಗೊಬ್ಬರು ಸಿಗುತ್ತಿದ್ದರು. ಅವಳು ಹುಟ್ಟಿದ್ದೇ ಆ ಗಲ್ಲಿಯಲ್ಲಿ. ಈಗಲೂ ಅಲ್ಲಿ ಅವಳ ತಮ್ಮ ದೇವರಾಜ್ ಮತ್ತು ಅವನ ಹೆಂಡತಿ ಸಂಗೀತಾ ಇದ್ದಾರೆ. ಅಮ್ಮ ನಾಗಲಕ್ಷ್ಮಮ್ಮ ಇದ್ದದ್ದೂ ಅಲ್ಲೇ, ಸತ್ತದ್ದೂ ಅಲ್ಲೇ. ಅಮ್ಮನ ಹನ್ನೊಂದನೇ ದಿನದ ತಿಥಿ ಮುಗಿಸಿ ಕುಮಾರಸ್ವಾಮಿ ಲೇಔಟಿನ ತನ್ನ ಬಾಡಿಗೆ ಮನೆಗೆ ಹೋದವಳು ಮತ್ತೆ ಆ ಗಲ್ಲಿಗೆ ಕಾಲಿಟ್ಟಿರಲಿಲ್ಲ. ಎರಡು ವರ್ಷವಾಗಿತ್ತು.

ಕಾರಣ ಅವಳಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ಅಮ್ಮನಿಗೆ ಹೊಟ್ಟೆನೋವು ಬಂದಾಗ ಸ್ಕ್ಯಾನ್ ಮಾಡಿಸಲು ಕರೆದುಕೊಂಡು ಹೋದವಳು ಅವಳೇ. ಹೊಸದಾಗಿ ತೆರೆದ ಒಂದು ಸೆಂಟರು, ಚಿತ್ರವನ್ನು ಎಐ ಓದಿ ಹತ್ತು ನಿಮಿಷಕ್ಕೆ ವರದಿ ಕೊಡುತ್ತದೆ ಎಂದು ಬೋರ್ಡು ಹಾಕಿದ್ದರು. ಏನೂ ತೊಂದರೆಯಿಲ್ಲ ಎಂದು ವರದಿ ಬಂತು. ಅಮ್ಮ ಬೆಂಚಿನಿಂದ ಏಳಲಿಲ್ಲ. "ಒಬ್ರು ಡಾಕ್ಟ್ರು ಕಣ್ಣಾರೆ ನೋಡ್ಲಿ ಕಣೆ ಲತಾ. ಹೊಟ್ಟೆ ಮುಟ್ಟಿ ನೋಡ್ಲಿ," ಅಂದಳು. ಲತಾಮಣಿ, "ಮಿಷಿನ್ ತಪ್ಪು ಮಾಡಲ್ಲಮ್ಮ. ನಿಂಗೇನು ಗೊತ್ತಾಗುತ್ತೆ, ಸುಮ್ನೆ ಬಾ," ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಸುಮ್ಮನೆ ಬಂದಳು. ಐದು ತಿಂಗಳಾದ ಮೇಲೆ ಬೇರೊಬ್ಬ ಡಾಕ್ಟರು ಅದೇ ಹಳೇ ಚಿತ್ರವನ್ನು ಬೆಳಕಿಗೆ ಹಿಡಿದು, "ಗಡ್ಡೆ ಆಗ್ಲೇ ಇತ್ತಲ್ಲಮ್ಮ, ಯಾರು ನೋಡಿದ್ದು ಇದನ್ನ?" ಅಂದರು. ಆಗ ಕಾಲ ಮೀರಿತ್ತು.

ಆಮೇಲಿನ ಒಂದು ತಿಂಗಳು ಲತಾಮಣಿ ಔಷಧಿ, ಸಹಿ, ಬಾಟಲಿ ರಕ್ತ ಎಂದು ಹಗಲೆಲ್ಲ ಓಡಾಡಿದಳು. ಎಂಥಾ ಮಗಳಪ್ಪಾ ಎಂದು ಓಣಿಯವರು ಹೊಗಳಿದರು. ಅಮ್ಮನ ಜೊತೆ ಒಬ್ಬಳೇ ಐದು ನಿಮಿಷ ಮಾತ್ರ ಅವಳು ಕೂರಲಿಲ್ಲ. ಕೂತರೆ ಅಮ್ಮ ಆ ಬೆಂಚಿನ ಮಾತು ಎತ್ತುತ್ತಾಳೆ ಎಂಬ ಭಯ. ಅಮ್ಮ ಎತ್ತದೇ ಹೋದಳು. ಆ ಮೇಲೆ ಆ ಭಯ ಹೋಗುವುದರ ಬದಲು ಲತಾಮಣಿಯ ಮನೆಗೇ ಬಂದು ಸೇರಿಕೊಂಡಿತು. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ಅಮ್ಮ ನನ್ನನ್ನೇ ಹೊಣೆ ಎಂದುಕೊಂಡು ಹೋದಳೇ ಎಂಬ ಒಂದೇ ಪ್ರಶ್ನೆ ಪಕ್ಕದಲ್ಲಿ ನಿಂತಿರುತ್ತಿತ್ತು. ಉತ್ತರ ಹೇಳಬೇಕಾದವಳು ಇರಲಿಲ್ಲ.

ಹಾಗಾಗಿ ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳು ಗಲ್ಲಿಗೆ ಹೋಗದೆ ಸಾರಕ್ಕಿ ಕೆರೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತಳು. ಸರ್ವೆಯವರು ಕೈಸೋತಾಗ ಮಾಡುವ ಹಳೇ ಕಳ್ಳಕೆಲಸ ಅದು: ಇಲ್ಲದ ಮನುಷ್ಯರನ್ನು ಕೂತಲ್ಲೇ ಹುಟ್ಟಿಸುವುದು. ಹದಿನೇಳು ವರ್ಷದಲ್ಲಿ ನಾಲ್ಕೈದು ಸಲ ಮಾಡಿದ್ದಳು, ಅದಕ್ಕಿಂತ ಹೆಚ್ಚಿಲ್ಲ. ಟ್ಯಾಬ್ ತೆಗೆದು ವಯಸ್ಸು ಅರವತ್ತೆಂಟು ಎಂದು ಹಾಕಿದಳು. ಓದು ಇಲ್ಲ. ಕಸುಬು ಸೊಪ್ಪು ಮಾರುವುದು. ಧರ್ಮ ಎಂಬಲ್ಲಿ, ಗಲ್ಲಿಯವರೆಲ್ಲ ಬರೆಸುವ ಹಾಗೆ, ಬೌದ್ಧ ಎಂದು ಒತ್ತಿದಳು. ಹೆಸರಿನ ಜಾಗಕ್ಕೆ ಬಂದಾಗ ಬೆರಳು ತನ್ನಷ್ಟಕ್ಕೆ ನಾಗಲಕ್ಷ್ಮಮ್ಮ ಎಂದು ಬರೆದಿತ್ತು.

ಮೊಬೈಲ್ ನಂಬರು ಕೇಳಿತು, ಆಮೇಲೆ ಆಫೀಸಿನಿಂದ ಫೋನ್ ಮಾಡಿ ತಾಳೆ ನೋಡಲು. ಇಂಥ ಹೊತ್ತಿನಲ್ಲಿ ಜಾಣರು ಗೆಳತಿಯ ನಂಬರು ಹಾಕಿ, ಅವಳಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಲತಾಮಣಿಗೆ ತನ್ನ ಸ್ವಂತ ನಂಬರನ್ನೂ ಫೋನು ನೋಡದೆ ಹೇಳಲು ಬರುತ್ತಿರಲಿಲ್ಲ. ಬಾಯಿಪಾಠ ಇದ್ದದ್ದು ಒಂದೇ ನಂಬರು, ಅಮ್ಮನದು. ಹೇಗೂ ಸತ್ತವರ ನಂಬರು, ಕರೆ ಹೋದರೆ ತಾನೇ ಎಂದು ಹತ್ತು ಅಂಕಿ ಒತ್ತಿದಳು.

ಇನ್ನು ಸ್ವಭಾವ. ಬೇಗ ಗಾಬರಿಯಾಗುತ್ತೀರಾ? ತುಂಬಾ. ಜನರನ್ನು ನಂಬುತ್ತೀರಾ? ಇಲ್ಲ. ಎಐಗೆ ಕಟ್ಟುನಿಟ್ಟಿನ ನಿಯಂತ್ರಣ ಬೇಕೇ? ಬೇಕೇ ಬೇಕು. ಓದಿಲ್ಲದ ಬಡ ಮುದುಕಿ ಇನ್ನೇನು ಹೇಳಿಯಾಳು, ಪ್ರಮೋದ್ ಹೇಳಿಕೊಟ್ಟದ್ದೂ ಅದೇ ತಾನೇ. ಇಪ್ಪತ್ತೇಳನೇ ಪ್ರಶ್ನೆಯಲ್ಲಿ ಕೈ ತಡೆಯಿತು: 'ಯಂತ್ರದ ತೀರ್ಮಾನದಿಂದ ನಿಮಗಾಗಲಿ ಮನೆಯವರಿಗಾಗಲಿ ಕೇಡಾಗಿದೆಯೇ?' ಹೌದು ಎಂದರೆ ಇಪ್ಪತ್ತೆಂಟನೇ ಪ್ರಶ್ನೆ ತೆರೆದುಕೊಳ್ಳುತ್ತದೆ, 'ಆಗಿದ್ದರೆ ಯಾರು ಹೊಣೆ?' ಎಂದು. ಇಲ್ಲ ಎಂದರೆ ಫಾರಂ ಮುಗಿಯುತ್ತದೆ. ಲತಾಮಣಿ ಇಲ್ಲ ಎಂದು ಒತ್ತಿ, ಟ್ಯಾಬನ್ನು ಚೀಲಕ್ಕೆ ತುರುಕಿ, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಅಲ್ಲಿಂದ ಎದ್ದಳು.

ನಾಲ್ಕು ದಿನದ ಮೇಲೆ ಪ್ರಮೋದ್ ಫೋನ್ ಮಾಡಿ ಆಫೀಸಿಗೆ ಬನ್ನಿ ಎಂದ. ಸುದ್ದಗುಂಟೆಪಾಳ್ಯದ ಬೇಕರಿಯೊಂದರ ಮೇಲೆ ಎರಡು ಕೋಣೆಯ ಆಫೀಸು, ಮೆಟ್ಟಿಲ ತುಂಬ ಪಫ್ಸಿನ ವಾಸನೆ. ಅವಳನ್ನು ಕೂರಿಸಿ ಲ್ಯಾಪ್‌ಟಾಪ್ ತಿರುಗಿಸಿದ.

"ನಿಮ್ಮ ಫಾರಂ ಯಾವತ್ತೂ ಕ್ಲೀನ್ ಮೇಡಂ. ಅದಕ್ಕೇ ನಾನೇ ಕರೆದು ಹೇಳ್ತಿದೀನಿ. ಸಾರಕ್ಕಿ ಅಜ್ಜಿದು ಒಂದು ಮ್ಯಾಚ್ ಆಗ್ತಿಲ್ಲ. ನಾಗಲಕ್ಷ್ಮಮ್ಮ."

"ಮ್ಯಾಚ್ ಅಂದ್ರೆ?"

"ಹತ್ತು ಫಾರಮ್ಮಿಗೆ ಒಂದರ ಹಾಗೆ ಮಿಷಿನ್ನೇ ಫೋನ್ ಮಾಡಿ ಮತ್ತೆ ಕೇಳುತ್ತಲ್ಲ, ಚೆಕ್ಕಿಂಗು. ನಿನ್ನೆ ಅವರಿಗೆ ಹೋಗಿದೆ. ಮಾತಾಡಿದ್ದಾರೆ. ನೀವು ಬರ್ಕೊಂಡಿರೋದೇ ಒಂದು, ಅವ್ರು ಹೇಳಿರೋದೇ ಒಂದು."

ಲತಾಮಣಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಯಾರು ಮಾತಾಡಿದ್ದಾರೆ?"

"ಅವ್ರೇ ಮೇಡಂ, ನಾಗಲಕ್ಷ್ಮಮ್ಮ. ಓದಿ ನೋಡಿ. ವಾಯ್ಸು ನಾವು ಇಡಲ್ಲ, ಬರಹ ಮಾತ್ರ ಬರುತ್ತೆ."

ಅವಳು ಓದಿದಳು.

ನಾಗಲಕ್ಷ್ಮಮ್ಮ ಅವರೇ ಮಾತನಾಡುತ್ತಿರುವುದೇ? — ಹೂಂ ಕಣವ್ವ, ಹೇಳು.

ನಮ್ಮ ಪ್ರತಿನಿಧಿ ಲತಾಮಣಿ ನಿಮ್ಮನ್ನು ಭೇಟಿ ಮಾಡಿದ್ದರೇ? — ಯಾರು? ಲತಾಮಣಿನಾ? ಎಲ್ಲಿ ಬಂದವ್ಳೆ. ಬಂದಿಲ್ಲ. ಬಾ ಅಂತ ಹೇಳು.

ನಿಮಗೆ ಬೇಗ ಗಾಬರಿಯಾಗುತ್ತದೆಯೇ? — ನಂಗ್ಯಾಕೆ ಗಾಬರಿ? ಗಾಬರಿ ಬಿದ್ದಿದ್ರೆ ಮೂವತ್ತು ವರ್ಷ ರೋಡಲ್ಲಿ ಕೂತು ಸೊಪ್ಪು ಮಾರಕಾಯ್ತಿತ್ತಾ? ಅದು ನನ್ನ ಮಗಳಿಗೆ.

ಜನರನ್ನು ನಂಬುತ್ತೀರಾ? — ನಂಬದೆ ಇದ್ರೆ ಬದುಕು ಎಂಗೆ ನಡಿಯುತ್ತೆ.

ಕೃತಕ ಬುದ್ಧಿಮತ್ತೆಯ ಮೇಲೆ ಸರ್ಕಾರದ ನಿಯಂತ್ರಣ ಬೇಕೇ? — ಕಾನೂನು ಮಾಡೋರು ಮಾಡ್ಕಳ್ಳಿ. ಮಿಷಿನ್ ಹೇಳಿದ್ ಮೇಲೂ ಒಬ್ಬ ಮನುಷ್ಯ ಕೂತು ಕಣ್ಣಾರೆ ನೋಡ್ಬೇಕು. ಹೊಟ್ಟೆ ಮುಟ್ಟಿ ನೋಡ್ಬೇಕು. ಅಷ್ಟಿದ್ರೆ ಸಾಕು.

"ಇದನ್ನ ಯಾವ ಆಪ್ಷನ್ನಿಗೆ ಹಾಕೋದು ಹೇಳಿ ಮೇಡಂ," ಪ್ರಮೋದ್ ನಗುತ್ತಿದ್ದ. "ಎಐ ಬಗ್ಗೆ ಕೇಳಿದ್ರೆ ಹೊಟ್ಟೆ ಮುಟ್ಟಿ ನೋಡ್ಬೇಕಂತೆ."

ಲತಾಮಣಿಗೆ ಅವನ ಮಾತು ಎಲ್ಲೋ ಕೆಳಗಿನ ಬೇಕರಿಯಿಂದ ಬಂದಂತೆ ಕೇಳಿಸಿತು. ಆ ಸೆಂಟರಿನ ಬೆಂಚಿನ ಮೇಲೆ ಅಮ್ಮ ಆ ಮಾತು ಆಡಿದಾಗ ಅಲ್ಲಿ ಇದ್ದವರು ಇಬ್ಬರೇ, ತಾಯಿ ಮತ್ತು ಮಗಳು. ಅವಳು ಕೊನೆಯ ಎರಡು ಸಾಲಿಗೆ ಬಂದಳು.

ಯಂತ್ರದ ತೀರ್ಮಾನದಿಂದ ನಿಮಗಾಗಲಿ ಮನೆಯವರಿಗಾಗಲಿ ಕೇಡಾಗಿದೆಯೇ? — ಆಗೈತೆ.

ಆಗಿದ್ದರೆ ಯಾರು ಹೊಣೆ? — ಅದನ್ನ ನಿಂಗೆ ಹೇಳಲ್ಲ. ಕೇಳ್ಬೇಕಾದೋರು ಬಂದು ಕೇಳ್ಲಿ.

ಅಲ್ಲಿಗೆ ಕರೆ ನಿಂತಿತ್ತು.

"ನೀವು ಫೋನಲ್ಲೇ ಮುಗಿಸಿದ್ರಿ ಅನ್ಸುತ್ತೆ, ಪರವಾಗಿಲ್ಲ, ಎಲ್ರೂ ಮಾಡ್ತಾರೆ," ಪ್ರಮೋದ್ ಧಾರಾಳಿಯಾದ. "ಬೇರೆಲ್ಲ ಉತ್ತರ ನಾನೇ ತಿದ್ದಿದೀನಿ. ಇಪ್ಪತ್ತೆಂಟು ಒಂದು ಖಾಲಿ ಇದ್ರೆ ಫಾರಂ ಕ್ಲೋಸ್ ಆಗಲ್ಲ, ಸಾರಕ್ಕಿ ಏರಿಯಾನೇ ನಿಂತಿದೆ. ಇವತ್ತೇ ಹೋಗಿ, ಅಜ್ಜಿ ಮುಂದೆ ಕೂತು, ಅದೊಂದು ಕೇಳ್ಕೊಂಡು ಬಂದ್ಬಿಡಿ. ಪಾಪ, ಕಾಯ್ತಿದಾರೆ ಅನ್ಸುತ್ತೆ."

ಸತ್ತ ತಾಯಿಯನ್ನು ಸಂದರ್ಶನ ಮಾಡಿಕೊಂಡು ಬಾ ಎಂದು ಈ ಲೋಕದಲ್ಲಿ ಯಾವ ಸೂಪರ್‌ವೈಸರೂ ಹೇಳಿರಲಾರ. ಅವಳು ತಪ್ಪೊಪ್ಪಿಕೊಳ್ಳಬಹುದಿತ್ತು. ಸಾರ್, ಆ ಹೆಂಗಸು ಸತ್ತು ಎರಡು ವರ್ಷವಾಯಿತು, ನಾನೇ ಕೆರೆ ದಂಡೆಯಲ್ಲಿ ಕೂತು ತುಂಬಿದೆ ಎಂದರೆ ಕೆಲಸ ಹೋಗುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಕೆಲಸದ ಆಸೆಗಲ್ಲ. ಆ ಖಾಲಿ ಜಾಗದಲ್ಲಿ ಏನಿದೆ ಎಂದು ತಿಳಿಯದೆ ಇನ್ನು ಒಂದು ದಿನವೂ ಇರಲಾರೆ ಎನಿಸಿತು.

ಬಸ್ ಸ್ಟಾಪಿನಲ್ಲಿ ನಿಂತು ಅವಳು ತರ್ಕ ಮಾಡಿಕೊಂಡಳು. ನಂಬರು ಬೇರೆ ಯಾರಿಗೋ ಹೋಗಿರಬೇಕು. ಯಾರೋ ತಮಾಷೆ ಮಾಡಿದ್ದಾರೆ. ಇಲ್ಲವೇ ಆ ಮಿಷಿನ್ನೇ ಕಥೆ ಕಟ್ಟಿದೆ, ಕಟ್ಟುತ್ತದಂತೆ ಅದು. ಎಲ್ಲವೂ ಸರಿ, ಹೊಟ್ಟೆ ಮುಟ್ಟಿ ನೋಡುವ ಮಾತು ಅದಕ್ಕೆ ಹೇಳಿದವರು ಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಒಂದೆರಡು ಸಲ ಹಿಂದಕ್ಕೂ ತಿರುಗಿ ನೋಡಿದಳು. ಕೊನೆಗೆ ತಡೆಯಲಾರದೆ ಆ ಹತ್ತು ಅಂಕಿ ಒತ್ತಿ ಫೋನನ್ನು ಕಿವಿಗೆ ಹಿಡಿದಳು. ಮಧ್ಯಾಹ್ನದ ಬಿಸಿಲು, ಸುತ್ತ ಜನ, ಎದುರಿಗೆ ಎಳನೀರಿನವನು ಕಾಯಿ ಕೊಚ್ಚುತ್ತಿದ್ದ. ಎರಡು ಸಲ ರಿಂಗಾಯಿತು.

"ಹೇಳವ್ವ," ಎಂದಿತು ಆ ಕಡೆಯ ಧ್ವನಿ.

ಮೂಗಿನಲ್ಲಿ ಸ್ವಲ್ಪ ಎಳೆದು, ಕೊನೆಯಲ್ಲಿ ತುಸು ಇಳಿಸಿ, ಥೇಟ್ ಅಮ್ಮ. ಲತಾಮಣಿ ಫೋನ್ ಕಟ್ ಮಾಡಿದಳು. ಪಕ್ಕದಲ್ಲಿ ನಿಂತ ಹುಡುಗಿ, "ಆಂಟಿ, ಹುಷಾರಿದೀರಾ?" ಎಂದು ತೋಳು ಹಿಡಿದಾಗಲೇ ತಾನು ಕಂಬಕ್ಕೆ ಒರಗಿರುವುದು ಅವಳಿಗೆ ತಿಳಿದದ್ದು.

ಸಾರಕ್ಕಿ ಸಿಗ್ನಲ್ಲಿನ ಗಲಾಟೆ ದಾಟಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಅವಳು ಕಾಲಿಟ್ಟಾಗ ಮೂರು ಗಂಟೆ. ಗಲ್ಲಿ ಏನೂ ಬದಲಾಗಿರಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು. ತಮ್ಮನ ಮನೆಯ ಬಾಗಿಲು ತೆರೆದಿತ್ತು. ಅಮ್ಮ ಕೂರುತ್ತಿದ್ದ ಹೊಸ್ತಿಲ ಪಕ್ಕದಲ್ಲಿ, ಅಮ್ಮನ ಹಸಿರು ಚೌಕುಳಿ ಸೀರೆ ಉಟ್ಟುಕೊಂಡು, ಒದ್ದೆ ಗೋಣಿಯ ಮೇಲೆ ದಂಟಿನ ಸೊಪ್ಪಿನ ಕಟ್ಟು ಕಟ್ಟುತ್ತಾ ಒಬ್ಬಳು ಬೆನ್ನು ಹಾಕಿ ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಆಕೆ ತಿರುಗಿದಳು.

ಸಂಗೀತಾ.

"ಬಂದ್ರಾ ಅಕ್ಕ," ಅಂದಳು ಅವಳು. ಆಶ್ಚರ್ಯ ಪಡಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಪ್ಲಾಸ್ಟಿಕ್ ಸ್ಟೂಲು ಎಳೆದು ಕೊಟ್ಟಳು. "ಅವ್ರು ಕೆಲಸಕ್ಕೆ ಹೋಗವ್ರೆ, ಸಂಜೆಗೆ ಬರ್ತಾರೆ. ಕೂತ್ಕೊಳ್ಳಿ."

ಸಂಗೀತಾ ಮಾಗಡಿ ಕಡೆಯಿಂದ ಬಂದ ಸೊಸೆ. ಹನ್ನೆರಡು ವರ್ಷ ಈ ಮನೆಯಲ್ಲಿ ಅವಳ ಬಾಯಿಂದ ಹನ್ನೆರಡು ಮಾತು ಕೇಳಿದ ನೆನಪು ಲತಾಮಣಿಗಿರಲಿಲ್ಲ. ಅತ್ತೆಗೆ ಗಂಜಿ ಕುಡಿಸಿದ್ದು, ಮೈ ಒರೆಸಿದ್ದು, ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದು ಎಲ್ಲ ಅವಳೇ. ಮಗಳು ಹೊರಗೆ ಓಡಾಡಿದಳು, ಸೊಸೆ ಒಳಗೆ ಕೂತಳು.

"ಅಮ್ಮನ ಫೋನು ನಿನ್ನ ಹತ್ರ ಇದೆಯಾ?" ಲತಾಮಣಿ ಕೂರದೆಯೇ ಕೇಳಿದಳು.

ಸಂಗೀತಾ ಸೊಪ್ಪಿನ ನಡುವಿನಿಂದ ಹಳೇ ಬಟನ್ ಫೋನನ್ನು ಎತ್ತಿ ತೋರಿಸಿದಳು. "ಜಯನಗರದ ಮನೆಗಳೋರೆಲ್ಲ ಈ ನಂಬರಿಗೇ ಮಾಡೋದು ಅಕ್ಕ. ಅತ್ತೆ ಹೋದ್ ಮಾರನೇ ವಾರ ಒಬ್ರು ಮಾಡಿ, ನಾಗಲಕ್ಷ್ಮಮ್ಮ, ಮೆಂತ್ಯ ಐತಾ ಅಂದ್ರು. ಅತ್ತೆ ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಹೂಂ ಅಂದೆ. ಅಲ್ಲಿಂದ ಅದೇ ಆಗೋಯ್ತು. ಫೋನಲ್ಲಿ ನಾನೇ ನಾಗಲಕ್ಷ್ಮಮ್ಮ. ಅವ್ರ ಥರಾನೇ ಮಾತು ಬರುತ್ತೆ, ನಾನು ಬೇಕು ಅಂತ ಮಾಡಲ್ಲ."

"ನಿನ್ನೆ ಮಿಷಿನ್ ಮಾಡಿತ್ತಲ್ಲ..."

"ನಿಮ್ಮ ಹೆಸರು ಹೇಳ್ತು. ಆಮೇಲೆ ಗಾಬರಿ ಆಗುತ್ತಾ, ನಂಬ್ತೀರಾ ಅಂತ ಶುರು ಮಾಡ್ತು. ಅತ್ತೆ ಇದ್ದಿದ್ರೆ ಏನ್ ಹೇಳ್ತಿದ್ರೋ ಅದನ್ನೇ ಹೇಳ್ದೆ."

ಲತಾಮಣಿಗೆ ಒಂದು ಕ್ಷಣ ಎದೆ ಹಗುರವಾಯಿತು. ದೆವ್ವವಲ್ಲ, ಭೂತವಲ್ಲ, ನಮ್ಮ ಸಂಗೀತಾ. ಅದರ ಬೆನ್ನಿಗೇ ಮೊದಲಿಗಿಂತ ದೊಡ್ಡ ಭಯ ಬಂದು ಕೂತಿತು. ದೆವ್ವವಾಗಿದ್ದರೆ ಸುಳ್ಳು ಎಂದುಕೊಳ್ಳಬಹುದಿತ್ತು. ಇವಳಿಗೆ ಗೊತ್ತಿರುವುದು ನಿಜ.

"ಹೊಟ್ಟೆ ಮುಟ್ಟಿ ನೋಡ್ಬೇಕು ಅಂತ ಅಮ್ಮ ಅಂದಿದ್ದು ನಿಂಗೆ ಹೆಂಗೆ ಗೊತ್ತು?"

"ಅತ್ತೆ ಎಲ್ಲಾ ಹೇಳಿದ್ರು."

"ಎಲ್ಲಾ ಅಂದ್ರೆ?"

"ಅಲ್ಲಿ ಬೆಂಚಿನ ಮೇಲೆ ನೀವು ಅಂದಿದ್ದು. ಅವ್ರು ಎದ್ದು ಬಂದಿದ್ದು." ಸಂಗೀತಾ ಕಟ್ಟಿಗೆ ಬಾಳೆನಾರು ಸುತ್ತಿ ಗಂಟು ಬಿಗಿದಳು. "ನಿಮ್ಮ ಮೇಲೆ ಕೋಪ ಇತ್ತಾ ಅಂತ ಕೇಳ್ಬೇಡಿ, ಅದು ನಂಗೆ ಗೊತ್ತಾಗ್ತಿರ್ಲಿಲ್ಲ. ಒಂದು ಮಾತು ಮಾತ್ರ ಹೇಳೋರು. 'ನಮ್ಮ ಲತಾ ಚಿಕ್ಕ ವಯಸ್ಸಿಂದ ಹೆದರುಪುಕ್ಲಿ. ಹೆದರಿದೋರಿಗೆ ಯಾರಾದ್ರೂ ಏನಿಲ್ಲ ಹೋಗು ಅನ್ನಬೇಕು. ಮಿಷಿನ್ ಅಂದ್ಬುಡ್ತು, ಅವ್ಳು ಗಬಕ್ ಅಂತ ಹಿಡ್ಕಂಡ್ಲು. ನಂಗೆ ಹೆದರಿಕೆ ಇರ್ಲಿಲ್ಲ, ಅದಕ್ಕೇ ಇನ್ನೊಬ್ರು ನೋಡ್ಲಿ ಅಂದೆ.'"

ಹೆದರುವವರು ಲಗಾಮು ಕೇಳುತ್ತಾರೆ, ಧೈರ್ಯವಂತರು ಬಿಟ್ಟುಬಿಡಿ ಅನ್ನುತ್ತಾರೆ. ಪ್ರಮೋದನ ಪಾಠ ಲತಾಮಣಿಯ ತಲೆಯಲ್ಲಿ ತಲೆಕೆಳಗಾಗಿ ನಿಂತಿತು. ಆ ಫಾರಮ್ಮಿನಲ್ಲಿ ಅವಳು ಅಮ್ಮನ ಹೆಸರು ಬರೆದು ತನ್ನ ಸ್ವಭಾವ ತುಂಬಿದ್ದಳು. ಅಷ್ಟೇ ಆಗಿದ್ದರೂ ಸರಿ. ಅದೇ ಸ್ವಭಾವ ಆ ದಿನ ವರದಿಯ ಹಾಳೆಯನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡಿತ್ತು. ಇದೆಲ್ಲ ಅಮ್ಮನಿಗೆ ಮೊದಲೇ ಗೊತ್ತಿತ್ತು, ಶಾಲೆಯ ಮೆಟ್ಟಿಲು ಹತ್ತದವಳಿಗೆ.

ಫೋನ್ ರಿಂಗಾಯಿತು. ಸಂಗೀತಾ ಎತ್ತಿಕೊಂಡಳು. ಎತ್ತಿಕೊಳ್ಳುವಾಗಲೇ ಅವಳ ಕತ್ತು ಒಂದು ಕಡೆ ವಾಲಿತು, ಎಡಗೈ ಮಂಡಿಯ ಮೇಲೆ ಬಂದು ಕೂತಿತು. "ಹೇಳವ್ವ... ದಂಟು ಐತೆ, ಸಬ್ಬಸಿಗೆ ಮುಗುದೋಯ್ತು... ಅಯ್ಯೋ ಬಾಡಿಲ್ಲ ಕಣವ್ವ, ನಿನ್ನಾಣೆ... ಹೂಂ, ಐದಕ್ಕೆಲ್ಲ ಬತ್ತೀನಿ." ಲತಾಮಣಿ ಕಣ್ಣು ಮುಚ್ಚಿಕೊಂಡಳು. ಎರಡು ವರ್ಷದಿಂದ ಯಾವ ಧ್ವನಿಗೆ ಹೆದರಿ ಈ ಗಲ್ಲಿಗೆ ಬರದೇ ಇದ್ದಳೋ ಆ ಧ್ವನಿ ಮೂರಡಿ ದೂರದಲ್ಲಿ ಸೊಪ್ಪಿನ ಚೌಕಾಸಿ ಮಾಡುತ್ತಿತ್ತು. ಅದು ನಿಲ್ಲುವ ಮೊದಲೇ ಕೇಳಬೇಕು, ಆಮೇಲೆ ತನ್ನಿಂದ ಆಗದು ಎನಿಸಿತು.

"ಅಮ್ಮಾ," ಅಂದಳು, ಕಣ್ಣು ತೆರೆಯದೆ. "ಯಾರು ಹೊಣೆ?"

ಫೋನನ್ನು ಗೋಣಿಯ ಮೇಲಿಟ್ಟ ಸದ್ದು ಕೇಳಿಸಿತು. ಗಲ್ಲಿಯಲ್ಲಿ ಒಂದು ಸ್ಕೂಟರ್ ಹೋಯಿತು.

"ನೀನೇ ಕಣೆ ಲತಾ."

ಅದೇ ಧ್ವನಿ. ಸಿಟ್ಟಿರಲಿಲ್ಲ ಅದರಲ್ಲಿ, ಮುದ್ದೂ ಇರಲಿಲ್ಲ. ಒಲೆ ಆರಿದೆ ನೋಡು ಎಂದು ಹೇಳುವಾಗ ಅಮ್ಮ ಹಾಗೆ ಹೇಳುತ್ತಿದ್ದಳು.

ಲತಾಮಣಿ ಕಣ್ಣು ತೆರೆದಾಗ ಸಂಗೀತಾಳ ಕೆನ್ನೆ ಒದ್ದೆಯಾಗಿತ್ತು. "ನಾನು ಸೇರಿಸಿ ಹೇಳ್ಲಿಲ್ಲ ಅಕ್ಕ," ಅಂದಳು ತನ್ನ ಸಣ್ಣ ಧ್ವನಿಯಲ್ಲಿ. "ಅತ್ತೆ ಹಂಗೇ ಅಂದಿದ್ದು. 'ಅವ್ಳು ಒಂದಿನ ಬಂದು ಕೇಳ್ತಾಳೆ. ಕೇಳಿದ್ರೆ ಸುಳ್ ಹೇಳ್ಬೇಡ, ಕೇಳ್ದೇ ಇದ್ರೆ ನೀನಾಗಿ ಹೇಳ್ಬೇಡ' ಅಂದಿದ್ರು. ನೀವು ಕೇಳ್ಲಿಲ್ಲ. ನಾನೂ ಸುಮ್ನಿದ್ದೆ."

ಲತಾಮಣಿ ಚೀಲದಿಂದ ಟ್ಯಾಬ್ ತೆಗೆದಳು. ಇಪ್ಪತ್ತೆಂಟನೇ ಪ್ರಶ್ನೆಗೆ ಐದು ಉತ್ತರ ಇದ್ದವು: ಯಂತ್ರ ಮಾಡಿದವರು, ಅದನ್ನು ಇಟ್ಟುಕೊಂಡ ಸಂಸ್ಥೆ, ಸರ್ಕಾರ, ಅದನ್ನು ನಂಬಿದವರು, ಯಾರೂ ಅಲ್ಲ. ಮೊದಲ ಮೂರರಲ್ಲೂ ಹುರುಳಿತ್ತು, ಅದನ್ನು ಯಾರಾದರೂ ಒಪ್ಪುತ್ತಾರೆ. ಆ ಸೆಂಟರಿನವರನ್ನು ಇವತ್ತಿಗೂ ಯಾರೂ ಏನೂ ಕೇಳಿಲ್ಲ. ಆದರೆ ಅವಳನ್ನು ಕಳಿಸಿದ್ದು ಒಬ್ಬ ಹೆಂಗಸಿನ ಉತ್ತರ ತರಲು. ಅವಳು ನಾಲ್ಕನೆಯದನ್ನು ಒತ್ತಿದಳು. ಫಾರಂ ಮುಗಿಯಿತು ಎಂದು ತೋರಿಸಿತು.

ಇಷ್ಟು ಹೆದರಿದ ಮಾತು ಕೊನೆಗೂ ಬಂತು, ತಲೆಯ ಮೇಲೆ ಸೂರು ಬೀಳಲಿಲ್ಲ. ಒಂಥರಾ ನೆಮ್ಮದಿಯೇ ಆಯಿತು ಅವಳಿಗೆ. ಸತ್ಯ ಹೇಳಬೇಕೆಂದರೆ, ಇನ್ನು ಮೇಲೆ ಈ ಮನೆಗೆ ಬಂದು ಹೋಗಿ ಮಾಡಬಹುದು ಎಂದೂ ಅನಿಸಿತು. ಸಂಗೀತಾ ಒಳಗಿನಿಂದ ನೀರು ತಂದು ಕೊಟ್ಟಳು. ಅವಳು ಕುಡಿದು ಲೋಟ ಕೆಳಗಿಟ್ಟಳು.

"ಅದನ್ನ ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ ಅಮ್ಮ," ಅಂದಳು.

"ಹೇಳಕ್ಕೇ ಅಂತಲೇ ಇದ್ರು ಅಕ್ಕ. ಅದಲ್ಲ, ಬೇರೆ ಏನೋ. ಕೊನೇ ವಾರ ನೀವು ಮಂಚದ ಹತ್ರ ಬಂದಾಗೆಲ್ಲ ನಂಗೆ ಕಣ್ಣಲ್ಲೇ ಹೊರಗೆ ಹೋಗು ಅನ್ನೋರು. ನಾನು ಎದ್ದು ಹೋಗ್ತಿದ್ದೆ. ನೀವೂ ನನ್ನ ಹಿಂದೇನೇ ಬಂದ್ಬಿಡ್ತಿದ್ರಿ, ಮಾತ್ರೆ ತರ್ಬೇಕು ಅಂತ."

"ಏನ್ ಹೇಳ್ಬೇಕು ಅಂತಿದ್ರು?"

ಸಂಗೀತಾ ಮುಂದಿನ ಕಟ್ಟಿಗೆ ನಾರು ಹುಡುಕುತ್ತಿದ್ದವಳು ಕೈ ನಿಲ್ಲಿಸಿದಳು.

"ಎಷ್ಟು ಸಲ ಕೇಳಿದೆ ಅಕ್ಕ, ನನ್ನ ಹತ್ರ ಹೇಳಿ, ನಾನು ಹೇಳ್ತೀನಿ ಅಂತ. ಇಲ್ಲ ಅಂದ್ರು. ಅದು ಲತಾಗೆ ಮಾತ್ರ ಅಂದ್ರು."